ಅಮ್ಮ ಅವರಿಗೆ ಹೇಳಿದ್ದು

ಆರು ವರ್ಷ ನಾನು ಒಬ್ಬ ಕಾದಂಬರಿಕಾರರಿಗೆ ಟೈಪು ಮಾಡಿಕೊಡುತ್ತಿದ್ದೆ. ಅವರ ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ, ನನ್ನದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಹೋಗಿ, ಅವರ ಸಣ್ಣ ಓರೆ ಅಕ್ಷರಗಳನ್ನು ಬಿಡಿಸಿ ಓದಿ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಅವರು ಬರೆದದ್ದೆಲ್ಲ ಊರು ಕಳೆದುಕೊಂಡವರ ಬಗ್ಗೆ. ಅವರ ಹುಟ್ಟೂರೇ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. "ನಾನು ಎಲ್ಲಿದ್ರೂ ಬಾಡಿಗೆಗೆ ಇರೋನು ಮಾರಾಯ್ತಿ" ಎನ್ನುತ್ತಿದ್ದರು, ಸ್ವಂತ ಮನೆಯ ವರಾಂಡದಲ್ಲಿ ಕೂತು. ಆಗ ನನಗೆ ನಗು ಬರುತ್ತಿರಲಿಲ್ಲ. ಅವರ ಕೆಲವು ಪುಟಗಳನ್ನು ಟೈಪು ಮಾಡಿ ಮುಗಿಸಿದ ಮೇಲೂ ಮತ್ತೆ ಓದುತ್ತಿದ್ದೆ.

ನನ್ನ ಅಮ್ಮ ಬರ್ಮಾದಲ್ಲಿ ಹುಟ್ಟಿದವಳು. ಅರವತ್ತರ ದಶಕದಲ್ಲಿ ಅಲ್ಲಿಂದ ನಮ್ಮಂಥ ತಮಿಳರೆಲ್ಲ ಹೊರಡಬೇಕಾಗಿ ಬಂದಾಗ, ಹತ್ತೊಂಬತ್ತರ ವಯಸ್ಸಿನಲ್ಲಿ, ತಂದೆತಾಯಿಯ ಜತೆ ರಂಗೂನಿನಿಂದ ಹಡಗು ಹತ್ತಿ ಮದರಾಸಿಗೆ ಬಂದಳು. ಭದ್ರಾವತಿಯ ಕಾರ್ಖಾನೆಯಲ್ಲಿದ್ದ ನನ್ನ ಅಪ್ಪನನ್ನು ಮದುವೆಯಾಗಿ ಇಲ್ಲಿಗೆ ಬಂದದ್ದು ಆಮೇಲೆ. ನನಗೆ ಗೊತ್ತಿದ್ದದ್ದು ಇಷ್ಟೇ. ಹಡಗಿನ ಬಗ್ಗೆ ಕೇಳಿದರೆ "ವಾಂತಿ, ಬರೀ ವಾಂತಿ" ಎಂದು ಮಾತು ಮುಗಿಸುತ್ತಿದ್ದಳು.

ಇದನ್ನು ಒಂದು ದಿನ ಕಾದಂಬರಿಕಾರರ ಹತ್ತಿರ ಬಾಯಿಬಿಟ್ಟೆ. ಮುಂದಿನ ವಾರವೇ ನಮ್ಮ ಮನೆಗೆ ಬಂದರು. ಆಮೇಲೆ ಎಷ್ಟೋ ದಿನ ನಾನು ಅವರ ಮನೆಯಲ್ಲಿ ಟೈಪು ಮಾಡುತ್ತಿದ್ದರೆ, ಅವರು ನಮ್ಮ ಮನೆಯಲ್ಲಿ ಅಮ್ಮನ ಎದುರು ಕೂತಿರುತ್ತಿದ್ದರು. ಅಮ್ಮ ಆ ದಿನಗಳಲ್ಲಿ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಡುತ್ತಿದ್ದಳು. "ಅವರು ಸುಮ್ಮನೆ ಕೇಳ್ತಾರೆ, ನಡುವೆ ಬಾಯಿ ಹಾಕಲ್ಲ" ಎಂದಳು. ನನಗೆ ಖುಷಿಯೇ ಆಯಿತು.

ಹೊಸ ಕಾದಂಬರಿಯ ಹನ್ನೊಂದನೆಯ ಅಧ್ಯಾಯ ನನ್ನ ಕೈಗೆ ಬಂದದ್ದು ಬೇಸಿಗೆಯಲ್ಲಿ. ಅದರಲ್ಲಿ ಒಬ್ಬ ಹುಡುಗಿ ಬರ್ಮಾದವನನ್ನೇ ಮದುವೆಯಾಗಿದ್ದಾಳೆ, ಏಳು ತಿಂಗಳ ಮಗಳಿದ್ದಾಳೆ. ಮಗುವಿಗೆ ದೇಶ ಬಿಡುವ ಕಾಗದಪತ್ರ ಸಿಗುವುದಿಲ್ಲ. ಅತ್ತೆಯ ಮಡಿಲಿಗೆ ಮಗುವನ್ನು ಹಾಕಿ ಅವಳು ಹಡಗು ಹತ್ತುತ್ತಾಳೆ. ಎಂಥಾ ಕಲ್ಪನೆ ಎಂದುಕೊಂಡು ಟೈಪು ಮಾಡುತ್ತಾ ಹೋದೆ. ಹಡಗಿನಲ್ಲಿ ಅವಳಿಗೆ ಎದೆಹಾಲು ಕಟ್ಟುತ್ತದೆ. ಅವಳ ತಾಯಿ ಗಂಡಸರ ಟವೆಲನ್ನು ಮೂರು ಮಡಿಕೆ ಮಾಡಿ ಎದೆಗೆ ಬಿಗಿದು, ಎಡಗಡೆ ಕಂಕುಳ ಕೆಳಗೆ ಗಂಟು ಹಾಕುತ್ತಾಳೆ.

ನನ್ನ ಬೆರಳು ನಿಂತವು. ನನ್ನ ಮಗನಿಗೆ ಹಾಲು ಬಿಡಿಸಿದಾಗ ಅಮ್ಮ ನನಗೆ ಹಾಗೆಯೇ ಬಿಗಿದಿದ್ದಳು. ಅಪ್ಪನ ಟವೆಲು, ಮೂರು ಮಡಿಕೆ, ಎಡಗಡೆ ಗಂಟು. ಅಲ್ಲಿಯವರೆಗೆ ನಾನೇ ಅವಳ ಮೊದಲ ಮಗು ಎಂದು ತಿಳಿದಿದ್ದೆ.

ಹಾಳೆ ಹಿಡಿದು ವರಾಂಡಕ್ಕೆ ಹೋದೆ. "ಇದು ನಮ್ಮ ಅಮ್ಮನದಾ ಸಾರ್?"

ಅವರು ಕನ್ನಡಕ ತೆಗೆದರು. "ಬರೀಬೇಡಿ ಅಂದಿದ್ರು."

"ಮತ್ತೆ?"

"ಬರೀದೇ ಇದ್ರೆ ಅದು ಅವರ ಜತೆಗೇ ಹೋಗಿಬಿಡ್ತಿತ್ತಲ್ಲ ಮಾರಾಯ್ತಿ."

ತೆಗೆಯಲೇಬೇಕು ಎಂದೆ. ಕನ್ನಡಕ ಮತ್ತೆ ಹಾಕಿಕೊಂಡು "ಆಯ್ತು, ತೆಗಿ" ಎಂದರು. ಅವರ ಎದುರಿಗೇ ಆ ಅಧ್ಯಾಯ ಅಳಿಸಿದೆ. ಕೈಬರಹದ ಹಾಳೆಗಳನ್ನೂ ಅವರೇ ಕೊಟ್ಟರು, ಹರಿದು ಹಾಕಿದೆ. ಅಮ್ಮನಿಗೆ ಏನೂ ಹೇಳಲಿಲ್ಲ.

ಪುಸ್ತಕ ಬಿಡುಗಡೆಗೆ ಹೋಗಿ ಎರಡನೇ ಸಾಲಿನಲ್ಲಿ ಕೂತಿದ್ದೆ. 'ಮಗಳಂಥವಳಿಗೆ' ಎಂದು ಬರೆದು, ಸಹಿ ಹಾಕಿ ನನಗೊಂದು ಪ್ರತಿ ಕೊಟ್ಟರು. ಭದ್ರಾವತಿ ಬಸ್ಸಿನಲ್ಲಿ ಬಿಡಿಸಿದೆ. ಹನ್ನೊಂದನೆಯ ಅಧ್ಯಾಯ ಇತ್ತು, ಒಂದಕ್ಷರವೂ ಬಿಡದೆ. ಆ ಹಾಳೆಗಳ ಜೆರಾಕ್ಸ್ ಮೊದಲೇ ಇಟ್ಟುಕೊಂಡು, ಶಿವಮೊಗ್ಗದ ರಾಗಿಗುಡ್ಡದ ಕಡೆಯ ಯಾವುದೋ ಅಂಗಡಿಯಲ್ಲಿ ಟೈಪು ಮಾಡಿಸಿದ್ದರೆಂದು ಆಮೇಲೆ ಗೊತ್ತಾಯಿತು. ಬಸ್ಸಿಳಿದು ಫೋನು ಮಾಡಿದೆ. "ಅದಿಲ್ದೆ ಕಾದಂಬರಿ ನಿಲ್ಲಲ್ಲ. ನೀನೂ ಓದಿದೀಯಲ್ಲ, ನಿಂಗೇ ಗೊತ್ತು" ಎಂದರು. ನನಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಅಮ್ಮನಿಗೆ ಕನ್ನಡ ಓದಲು ಬಾರದು. "ಅವರ ಪುಸ್ತಕ ಓದಿ ಹೇಳು" ಎಂದು ಹಿಂದೆ ಬಿದ್ದಳು. ಎರಡು ದಿನ ಓದಿದೆ. ಆ ಅಧ್ಯಾಯ ಬಂದಾಗ ಪುಟ ಹಾರಿಸಲು ಹೋದರೆ ಅಮ್ಮ "ನಿಲ್ಲಿಸಬೇಡ" ಎಂದಳು. ಮಗು ತಾಯಿಯ ಸೀರೆ ಹಿಡಿದು ಚೀರುವ ಭಾಗ ಓದುತ್ತಿದ್ದಂತೆ ಪುಸ್ತಕದ ಮೇಲೆ ಕೈ ಬಡಿದಳು.

"ಸುಳ್ಳು! ಅಳಲಿಲ್ಲ. ನಿದ್ದೆ ಮಾಡ್ತಿದ್ದಳು. ಅವಳಿಗೆ ನಿದ್ದೆ ಬರೋವರೆಗೂ ನಾನು ಕಾದೆ. ಅವರಿಗೆ ಎರಡು ಸಲ ಹೇಳಿದ್ದೆ."

ಅಚ್ಚು ಹಾಕಿದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ, ಇದಕ್ಕೆ ಸಿಟ್ಟು. ನನ್ನ ಸಿಟ್ಟು ಬೇರೆ ಕಡೆ ತಿರುಗಿತ್ತು.

"ನನಗ್ಯಾಕೆ ಹೇಳಲಿಲ್ಲಮ್ಮ? ಐವತ್ತು ವರ್ಷ ಜತೆಗಿದ್ದೀನಿ."

ನಾವು ತಾಯಿ ಮಗಳು ಮಾತಾಡುವುದು ತಮಿಳಿನಲ್ಲಿ. ಅಮ್ಮ ಹೇಳಿದಳು: "ನಮ್ಮ ಭಾಷೆಯಲ್ಲಿ ಅದು ಬಾಯಿಗೆ ಬರಲ್ಲ. ಅವರ ಹತ್ತಿರ ಕನ್ನಡದಲ್ಲಿ ಹೇಳುವಾಗ ಯಾರೋ ಬೇರೆಯವಳ ವಿಷಯ ಹೇಳಿದ ಹಾಗಿತ್ತು."

ಅವರ ಮನೆಗೆ ಹೋಗುವುದನ್ನು ಬಿಟ್ಟೆ. ಪುಸ್ತಕಕ್ಕೆ ಒಳ್ಳೆಯ ಹೆಸರು ಬಂದಿದೆ. ಹಬ್ಬಕ್ಕೆ ಅವರಿಂದ ಮೆಸೇಜು ಬರುತ್ತದೆ, ನಾನು ಉತ್ತರ ಕೊಡುವುದಿಲ್ಲ. ಅವರನ್ನಾಗಲಿ ಅಮ್ಮನನ್ನಾಗಲಿ ಕ್ಷಮಿಸಿದ್ದೇನೆ ಎಂದು ಹೇಳಲಾರೆ. ಹೋದ ತಿಂಗಳು ಅಮ್ಮನೇ "ನೀನು ಬರಿ, ನಿದ್ದೆ ಮಾಡ್ತಿದ್ದಳು ಅಂತ ಬರಿ" ಎಂದಳು. ಅಕ್ಕನ ಹೆಸರು ಕೇಳಿದೆ. ಬರ್ಮೀ ಹೆಸರು, ಮೊದಲ ಸಲಕ್ಕೆ ನನಗೆ ಸರಿಯಾಗಿ ಉಚ್ಚರಿಸಲು ಬರಲಿಲ್ಲ, ಅಮ್ಮ ತಿದ್ದಿ ಹೇಳಿಕೊಟ್ಟಳು. ಅದನ್ನು ಇಲ್ಲಿ ಬರೆಯುವುದಿಲ್ಲ.