ಸಂಬಳದವರೆಗಿನ ಕೈಸಾಲ

ತೊಂಬತ್ತರ ದಶಕದ ಆರಂಭದಲ್ಲಿ ನಾನು ನಾಗಮಂಗಲದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಪ್ಪನ ಆಪರೇಷನ್ನಿಗೆ ಮಾಡಿದ್ದ ಸಾಲದ ಕಂತು ಸಂಬಳದಲ್ಲೇ ಕಡಿತವಾಗುತ್ತಿತ್ತು. ಉಳಿದದ್ದು ಸಾಲದೆ, ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದವರೊಬ್ಬರ ಬಳಿ ಕೈಸಾಲ ಮಾಡುತ್ತಿದ್ದೆ. ಸಂಬಳದ ದಿನ ಬಡ್ಡಿ ಸಮೇತ ತೀರಿಸಿ, ವಾರ ಕಳೆಯುವುದರೊಳಗೆ ಮತ್ತೆ ಅವರ ಮುಂದೆಯೇ ನಿಲ್ಲುತ್ತಿದ್ದೆ.

ಮನೆ ಹಿಡಿಯಲು ಅಡ್ವಾನ್ಸ್ ಹೊಂದಿಸಲಾಗದೆ ಹೆಂಡತಿಯನ್ನೂ ಮಗಳನ್ನೂ ಪಾಂಡವಪುರದ ಹತ್ತಿರದ ಕ್ಯಾತನಹಳ್ಳಿಯ ಅವಳ ತವರಿನಲ್ಲೇ ಬಿಟ್ಟಿದ್ದೆ. ಮುಂದಿನ ತಿಂಗಳು ಕರೆತರುತ್ತೇನೆ ಎಂದು ಎರಡು ವರ್ಷ ಹೇಳಿದೆ. ಸಂಜೆ ಪಾಂಡವಪುರದ ಬಸ್ಸು ಹೊರಡುವುದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಹತ್ತಿಬಿಡೋಣ ಅನ್ನಿಸುತ್ತಿತ್ತು. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ನನ್ನ ಬಾಡಿಗೆ ಕೋಣೆಗೆ ಮರಳುತ್ತಿದ್ದೆ.

ಒಂದು ಭಾನುವಾರ ಹೆಂಡತಿಯೇ ಮಗಳನ್ನು ಕರೆದುಕೊಂಡು, ಟ್ರಂಕು ಮತ್ತು ರಾಗಿಹಿಟ್ಟಿನ ಚೀಲ ಹೊತ್ತು ಬಂದಳು. ನಾನು ಕೈಚಾಚಿದರೆ ಮಗಳು ಅಮ್ಮನ ಸೆರಗಿನ ಹಿಂದೆ ಅವಿತಳು.

"ಈ ಒಂದು ಕೋಣೇಲಿ ಎಂಗಿರ್ತೀಯೇ? ಸಾಲ ತೀರ್ಲಿ ಅಂದಿದ್ನಲ್ಲ," ಅಂದೆ.

"ಸಾಲ ಯಾವತ್ತಾದ್ರೂ ತೀರ್ತದೆ ಬುಡಿ. ಮಗೀಗೆ ನಿಮ್ ಗುರ್ತೇ ಇಲ್ದಂಗಾಗದೆ, ಅದುಕ್ಕೇನ್ ಮಾಡೀರಿ?" ಅಂದಳು.

ಅವಳು ಟ್ರಂಕನ್ನು ಗೋಡೆಗೆ ಒರಗಿಸಿ ಸ್ಟೌ ಹಚ್ಚಿದಳು.

ಮೂರನೆಯ ದಿನ ಮಗಳು ತಾನಾಗಿ ನನ್ನ ಪಕ್ಕ ಊಟಕ್ಕೆ ಕೂತಳು. ಕೈಸಾಲ ನಿಲ್ಲಲು ಇನ್ನೂ ಮೂರು ವರ್ಷ ಹಿಡಿಯಿತು. ಮಗಳು ಮೊದಲು ಹೆಜ್ಜೆಯಿಟ್ಟದ್ದನ್ನು, ತೊದಲಿದ್ದನ್ನು ನಾನು ನೋಡಲೇ ಇಲ್ಲ. ಆಗ ಆ ಬಸ್ಸು ಹತ್ತಬೇಕಿತ್ತು ಎಂದು ಈಗಲೂ ಜೀವ ತುಡಿಯುತ್ತದೆ.