ರಾಶಿ ಅಳೆಯುವಾಗ ಬಂದ ವಿಮಾನ

ಇಲ್ಲ, ವಿಮಾನ ಬಂದದ್ದು ಬೆಳಿಗ್ಗೆ ಅಲ್ಲ, ಮಧ್ಯಾಹ್ನವೇ ಇರಬೇಕು. ರಾಗಿ ರಾಶಿಯ ಮೇಲೆ ತಾತನ ನೆರಳು ಬಿದ್ದಿತ್ತು ಎಂದು ಬರೆಯಹೊರಟೆ. ಆ ನೆರಳು ವಿಮಾನದ್ದೂ ಆಗಿರಬಹುದು.

ಚಿಕ್ಕಪ್ಪ ಹಾಸನದ ಹೈಸ್ಕೂಲಿನಲ್ಲಿ ಓದಿದವನು. ಯುದ್ಧ ಶುರುವಾದ ಮೇಲೆ ವಾಯುಪಡೆ ಸೇರಿ, ಒಬ್ಬನೇ ಕೂತು ಹಾರಿಸುವ ಕಾಳಗದ ವಿಮಾನದಲ್ಲಿ ಬರ್ಮಾದ ಕಾಡುಗಳ ಮೇಲೆ ಹಾರುತ್ತಿದ್ದ. ರಜೆಗೆ ಬಂದಾಗ, ಚನ್ನರಾಯಪಟ್ಟಣದಿಂದ ಬಾಗೂರಿನ ತನಕ ಎತ್ತಿನ ಗಾಡಿಯಲ್ಲಿ ಅವನ ಕತ್ತು ಹಿಂದಕ್ಕೆ ಹೊರಳುತ್ತಲೇ ಇತ್ತು.

"ಯಾರು ಬತ್ತಾವ್ರೆ?" ಎಂದೆ.

"ಯಾರೂ ಇಲ್ಲ. ವೈರಿ ವಿಮಾನ ಬೆನ್ನ ಹಿಂದಿಂದ್ಲೇ ಬರೋದು. ಹಿಂದೆ ನೋಡ್ದೇ ಇರೋರು ಅಲ್ಲಿಂದ ವಾಪಸ್ ಬರಲ್ಲ."

ಕಣದ ಹತ್ತಿರ ತಾತ ಕೇಳಿದ: "ಮ್ಯಾಗ್ಲಿಂದ ನಮ್ ಕಣ ಗೊತ್ತಾಯ್ತದೇನ್ಲಾ?"

"ಎಲ್ಲಾ ಊರಿನ ಕಣಾನೂ ರೊಟ್ಟಿ ಅಂಗೇ ಕಾಣ್ತವೆ. ನೀನು ತಲೆ ಎತ್ತಿ ನೋಡು, ಆ ಮೂಗಲ್ಲಿ ಗುರ್ತು ಹಿಡೀತೀನಿ."

"ಮೂಗಿನ್ ಮ್ಯಾಲೇ ಇಳಿಸ್ಬುಟ್ಟೀಯ, ಉಷಾರು!"

ಸುಗ್ಗಿಯ ಹೊತ್ತಿಗೆ ಬೆಂಗಳೂರಿನಿಂದ ವಿಮಾನ ಒಯ್ಯುವುದಿದೆ, ಸಾಧ್ಯವಾದರೆ ಈ ಕಡೆ ಹಾರಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೋದ.

ನಮ್ಮಲ್ಲಿ ಕೊಳಗ ಹಿಡಿದು ರಾಶಿ ಅಳೆಯುವವನು ಮುಗಿಯುವ ತನಕ ಮಾತಾಡಬಾರದು, ತಲೆ ಎತ್ತಬಾರದು. ಎತ್ತಿದರೆ ಹುಲುಸು ಹೋಗುತ್ತದೆ. ವಿಮಾನ ಬಂದದ್ದು ತಾತ ಅಳೆಯುತ್ತಿದ್ದಾಗ. ತಲೆಯ ಮೇಲೇ ಹಾದ ರಭಸಕ್ಕೆ ಹೊಟ್ಟು ಎದ್ದು ಕಣ್ಣಿಗೆ ತುಂಬಿತು. ನಾವೆಲ್ಲ ಮೊರ ಬಿಸಾಕಿ ಓಡಿದೆವು. ತಾತ ಬಗ್ಗಿಯೇ ಇದ್ದ. ಸದ್ದು ನುಗ್ಗೇಹಳ್ಳಿ ಕಡೆ ಕರಗಿತು. ಅಳೆದು ಮುಗಿಸಿ, ಬೆವರೂ ಒರೆಸದೆ, "ಅವನೇನಾ?" ಎಂದ.

"ಅವರೇ ಮಾವಯ್ಯ, ಕೈ ಬೀಸಿದರು," ಎಂದಳು ಚಿಕ್ಕಮ್ಮ.

"ಧೂಳು ಬುಟ್ರೆ ನಂಗೇನೂ ಕಾಣ್ಲಿಲ್ಲ ಗೌಡ್ರೇ," ಎಂದ ಆಳು.

ನಾನು ಚರ್ಮದ ಟೋಪಿ ಕಂಡೆ. ಆದರೆ ಅದೇ ಟೋಪಿ ನಮ್ಮ ಗೋಡೆಯ ಮೇಲಿನ ಚಿಕ್ಕಪ್ಪನ ಫೋಟೋದಲ್ಲೂ ಇದೆ.

ಬೇಸಿಗೆಯಲ್ಲಿ ತಂತಿ ಬಂತು: ಬರ್ಮಾದಲ್ಲಿ ಹಾರಿಹೋದವನು ಹಿಂತಿರುಗಿಲ್ಲ. ತಾತ ಅಳಲಿಲ್ಲ. ಬಂದವರನ್ನೆಲ್ಲ ಒಂದೇ ಮಾತು ಕೇಳಿದ: "ರಾಶಿ ಮುಂದಿದ್ದೆ, ಅದ್ಕೇ ನೋಡ್ಲಿಲ್ಲ ಅಂತ ಅವನ್ಗೆ ಗೊತ್ತಾಗಿರ್ತದಾ?" ಗೊತ್ತಾಗಿರುತ್ತದೆ ಎಂದು ಎಲ್ಲರೂ ಹೇಳಿದರು. ಎಲ್ಲರೂ ಬೇಗ ಹೇಳಿದರು.

ಮುಂದಿನ ಸುಗ್ಗಿಗೆ ಕೊಳಗವನ್ನು ನನ್ನ ಅಪ್ಪನ ಕೈಗೆ ಕೊಟ್ಟು, ತಾನು ಕಣದ ಅಂಚಿನಲ್ಲಿ ಕೂತ. ಅಳೆದು ಮುಗಿಯುವ ತನಕ ಮುಖ ಮೇಲಕ್ಕೇ ಇತ್ತು.

ಆ ವಿಮಾನ ಚಿಕ್ಕಪ್ಪನದೇ ಆಗಿತ್ತೇ ಎಂದು ನನಗೆ ಗೊತ್ತಿಲ್ಲ. ಅವನದೇ ಆಗಿದ್ದರೆ, ಬಗ್ಗಿದ ಆ ಬೆನ್ನು ತನ್ನ ಅಪ್ಪನದೆಂದು ಅವನಿಗೆ ತಿಳಿಯಿತೋ ಇಲ್ಲವೋ, ಅದೂ ಗೊತ್ತಿಲ್ಲ.