ಕೋಲಿನ ಮೇಲಿನ ಕಂಬಳಿ

ಆಗಲ್ಲ ಎಂದವರು ನನ್ನ ಸೋದರಮಾವ. ಚಳ್ಳಕೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಮುಂದೆ ಸಮುದ್ರದ ಪ್ರಾಣಿಗಳ ಬಗ್ಗೆ ಓದುತ್ತೇನೆ ಎಂದಾಗ ಅವರು ಕುರಿಯ ಕಾಲಿನಿಂದ ಮುಳ್ಳು ಕೀಳುತ್ತಿದ್ದರು. ತಲೆ ಎತ್ತಲಿಲ್ಲ.

"ಗೋಕಟ್ಟೆಯಾಗೆ ಮೊಣಕಾಲು ಮುಳುಗಿದ್ರೆ ಅವ್ವಾ ಅಂತೀಯ. ಸಮುದ್ರಕ್ಕೆ ಹೋಗ್ತೀಯಾ? ಆಗಲ್ಲ ಬಿಡು."

"ಡಾಲ್ಫಿನ್ ಅಂತ ಐತೆ ಮಾವ. ಮೀನಲ್ಲ. ಮರಿಗೆ ಹಾಲು ಕುಡಿಸ್ತೈತೆ."

"ನೀರಾಗಾ? ಆ ಹಾಲು ಉಪ್ಪಾಗಿರ್ತೈತೆ ನೋಡು."

ನಮ್ಮ ಹಟ್ಟಿಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು, ಹೇಳಿಕೊಳ್ಳಲು ಸಂಕೋಚವಿಲ್ಲ. ನಾಯಕನಹಟ್ಟಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದವಳು. ಈಜು ಕಲಿತದ್ದು ಮಂಗಳೂರಿನಲ್ಲಿ, ಪ್ರೈಮರಿ ಶಾಲೆಯ ಮಕ್ಕಳ ಜೊತೆ. ಕೊನೆಗೂ ಸಂಶೋಧನೆಗೆಂದು ಅರಬ್ಬಿ ಸಮುದ್ರದ ನಡುವಿನ ಒಂದು ಹವಳದ ದ್ವೀಪಕ್ಕೆ ಹೋದೆ.

ಅಲ್ಲಿ ನಾನು ಕಾಯಬೇಕಿದ್ದದ್ದು ಡಾಲ್ಫಿನ್‌ಗಳ ಒಂದೇ ಹಿಂಡನ್ನು. ರಾತ್ರಿಯೆಲ್ಲ ಆಳದ ಕಡಲಿನಲ್ಲಿ ಬೇಟೆಯಾಡಿ, ಬೆಳಗಾದ ಮೇಲೆ ಹವಳದ ದಂಡೆಯ ಮರೆಗೆ, ತಿಳಿನೀರಿಗೆ ದಣಿವಾರಿಸಿಕೊಳ್ಳಲು ಬರುತ್ತಿದ್ದವು. ಅವುಗಳ ನಿದ್ದೆ ನಮ್ಮ ನಿದ್ದೆಯ ಹಾಗಲ್ಲ. ಒತ್ತೊತ್ತಾಗಿ, ಸದ್ದಿಲ್ಲದೆ, ನಿಧಾನವಾಗಿ ಈಜುತ್ತಲೇ ಇರುತ್ತವೆ. ಮರಿಗಳು ತಾಯಿಯ ಪಕ್ಕೆಗೆ ಅಂಟಿಕೊಂಡಿರುತ್ತವೆ. ತಳದಲ್ಲಿ ಬಿಳಿ ಮರಳಿದ್ದರೆ ಶಾರ್ಕ್ ಬಂದದ್ದು ಬೇಗ ಕಾಣುತ್ತದೆ, ಅದಕ್ಕೇ ಆ ಜಾಗ. ಹಗಲಿನ ಆ ವಿಶ್ರಾಂತಿ ಕೆಟ್ಟರೆ ರಾತ್ರಿಯ ಬೇಟೆಗೆ ಕಸುವಿರುವುದಿಲ್ಲ. ಅಂಥ ಇನ್ನೊಂದು ಜಾಗ ಆ ದ್ವೀಪದ ಸುತ್ತ ಇರಲಿಲ್ಲ.

ಪ್ರವಾಸಿಗಳ ದೋಣಿಗಳು ಹೆಚ್ಚಿದ್ದೂ ಆಗಲೇ. ಹಿಂಡು ಕಂಡರೆ ಸುತ್ತುವರಿದು, ಎಬ್ಬಿಸಿ, ಜಿಗಿಸಿ ನೋಡುವುದೇ ಆಟ.

ಒಂದು ಸಂಜೆ ದೋಣಿಕಟ್ಟೆಯಲ್ಲಿ ದ್ವೀಪದ ದೋಣಿಯವರೊಡನೆ ಕೂತು ನಮ್ಮೂರಿನ ಪದ್ಧತಿ ಹೇಳಿದೆ. ಬಿಸಿಲೇರಿದಾಗ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆಯಿಟ್ಟು ನಿಲ್ಲುತ್ತವೆ. ಆಗ ಕುರಿ ಕಾಯುವವರು ಕೋಲು ನೆಟ್ಟು ಅದರ ಮೇಲೆ ಕಂಬಳಿ ಹಾಕುತ್ತಾರೆ. ಅದನ್ನು ಕಂಡವರು ಸಿಳ್ಳೆ ನಿಲ್ಲಿಸಿ, ತಮ್ಮ ಹಿಂಡನ್ನು ದೂರದಿಂದ ಬಳಸಿಕೊಂಡು ಹೋಗುತ್ತಾರೆ. ಹಿರಿಯರೊಬ್ಬರಿಗೆ ಇದು ಹಿಡಿಸಿತು. ಇಲ್ಲೂ ಹಾಗೇ ಮಾಡೋಣ ಎಂದರು. ಎಲ್ಲರೂ ಸೇರಿ ಕೆಂಪು ಬಣ್ಣ ಬಳಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಹಗ್ಗಕ್ಕೆ ಕಟ್ಟಿ ಆ ತಿಳಿನೀರಿನ ಸುತ್ತ ತೇಲಬಿಟ್ಟೆವು.

ದ್ವೀಪದ ದೋಣಿಯವರು ಮಾತು ಉಳಿಸಿಕೊಂಡರು. ಹೊರಗಿನಿಂದ ಬಂದ ದೋಣಿಗಳಿಗೆ ಆ ಕೆಂಪು ಕ್ಯಾನುಗಳೇ ದಾರಿ ತೋರಿಸಿದವು. ಹಿಂಡನ್ನು ಹುಡುಕುವ ಕಷ್ಟವೇ ಅವರಿಗೆ ಉಳಿಯಲಿಲ್ಲ. ನೇರ ಅಲ್ಲಿಗೇ ಬಂದು ಎಂಜಿನ್ ಜೋರು ಮಾಡಿದರು. ನಾವು ಹಗ್ಗ ಬಿಚ್ಚುವಷ್ಟರಲ್ಲಿ ಜಾಗ ಎಲ್ಲರಿಗೂ ಗೊತ್ತಾಗಿಹೋಗಿತ್ತು. ಮೊದಲು ಮರಿಯಿದ್ದ ತಾಯಿಗಳು ಬರುವುದನ್ನು ಬಿಟ್ಟವು. ಆಮೇಲೆ ಇಡೀ ಹಿಂಡೇ ಬಿಟ್ಟಿತು. ಸಂಶೋಧನೆಯ ಅವಧಿ ಮುಗಿಯುವವರೆಗೂ ದಂಡೆಯ ಮೇಲೆ ಕೂತು ಖಾಲಿ ನೀರು ನೋಡಿದೆ. ಪ್ರಬಂಧಕ್ಕೆ ಖಾಲಿ ನೀರೂ ಮಾಹಿತಿಯೇ. ಅದನ್ನೇ ಬರೆದೆ, ಡಾಕ್ಟರೇಟ್ ಬಂತು.

ಪ್ರಮಾಣಪತ್ರ ಹಿಡಿದು ಊರಿಗೆ ಬಂದಾಗ ಮಾವ ಮೊಳಕಾಲ್ಮೂರಿನ ಕಡೆ ಕುರಿ ಹೊಡೆದುಕೊಂಡು ಹೋಗಿದ್ದರು. ಕುದಾಪುರದ ಬಳಿ ಅವರ ಕುರಿಗಳು ಮಧ್ಯಾಹ್ನ ನಿಲ್ಲುತ್ತಿದ್ದ ಜಾಲಿಮರ ಈಗ ಸಂಶೋಧನಾ ಸಂಸ್ಥೆಗಳಿಗೆಂದು ಹುಲ್ಲುಗಾವಲಿಗೆ ಹಾಕಿದ ಗೋಡೆಯ ಆಚೆಗಿದೆ. ಮೊದಲ ವರ್ಷ ಕುರಿಗಳು ಗೋಡೆಯವರೆಗೂ ಹೋಗಿ, ಅಲ್ಲೇ ಬಿಸಿಲಿನಲ್ಲಿ ನಿಂತುಬಿಡುತ್ತಿದ್ದವಂತೆ.

ಮಾವನನ್ನು ಹುಡುಕಿಕೊಂಡು ಹೋದೆ. ಒಂದು ದಿಬ್ಬದ ಕೆಳಗೆ ಕೋಲಿನ ಮೇಲೆ ಕಂಬಳಿ ಕಂಡಿತು. ದೂರದಲ್ಲೇ ನಿಂತೆ. ಬಿಸಿಲು ಇಳಿದು ಹಿಂಡು ಚದುರಿದ ಮೇಲೆ ಅವರು ಕೈಯೆತ್ತಿ ಕರೆದರು.

ಪ್ರಮಾಣಪತ್ರವನ್ನು ಅವರಿಗೆ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದರು.

"ಡಾಕ್ಟ್ರು ಅಂತ ಬರ್ದೈತಾ?"

"ಹೂಂ ಮಾವ."

"ಕುರಿಗೆ ಸೂಜಿ ಹಾಕಾಕೆ ಬರ್ತೈತಾ?"

"ಬರಲ್ಲ."

ನಕ್ಕರು. ಆಮೇಲೆ, "ನಿನ್ನ ಹಿಂಡು?" ಎಂದರು.

"ತಿರುಗಿ ಬರ್ಲಿಲ್ಲ."

"ಎಲ್ಲಿಗೆ ಹೋದ್ವು?"

"ಗೊತ್ತಿಲ್ಲ ಮಾವ."

ಅವರು ಕೋಲಿನ ಮೇಲಿಂದ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡರು.

"ನಿನ್ ಕೈಲಿ ಆಗಲ್ಲ ಅಂದಿದ್ದೆ, ಆತು. ನನ್ ಮಾತು ಸುಳ್ಳಾತು, ಸಂತೋಷ. ಅವು ಬರ್ತಾವೆ ಅಂತ ಮಾತ್ರ ನನ್ ಬಾಯಾಗೆ ಹೇಳಿಸಬ್ಯಾಡವ್ವ."